ಫರಾಸೀಸು ಸಿಪಾಯಿಯ ವಂಶಾವಳಿ

ಶತಮಾನೋತ್ಸವದ ಸ್ಮರಣ ಸಂಚಿಕೆಗೆ ನಮ್ಮ ಧರ್ಮಕೇಂದ್ರದ ಹಳೆಯ ಕುಟುಂಬಗಳ ವೃತ್ತಾಂತವನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿಕೊಂಡಾಗ, ಅದು ಹದಿನೈದು ದಿನಗಳ ಕೆಲಸವೆಂದೇ ನಾನು ಭಾವಿಸಿದ್ದೆನು. ಇತರ ಕುಟುಂಬಗಳ ಮಟ್ಟಿಗೆ ಅದು ನಿಜವೂ ಆಯಿತು. ಆದರೆ ಒಂದು ಕುಟುಂಬದ ಒಂದೇ ಒಂದು ಸಾಲಿಗಾಗಿ ಒಂದು ವರ್ಷಕ್ಕೂ ಮಿಕ್ಕ ಕಾಲ ಹಿಡಿಯಿತು. ಆ ಸಾಲಿನ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆ ಮನೆಯ ಹಿರಿಯರು ಇದಕ್ಕೆ ಸಮ್ಮತಿಸಿದ್ದಾರೆ. ಹೆಸರನ್ನು ಮಾತ್ರ ನಾನೇ ಬಿಟ್ಟಿದ್ದೇನೆ. ಓದುವ ನಿಮಗೆ ಅದು ಯಾವ ಮನೆಯೆಂದು ತಿಳಿಯದೆ ಇರಲಾರದು. ತಿಳಿದರೂ ಬಾಯಿಬಿಡದಿರುವುದು ಸೌಜನ್ಯ.

ಹಿರಿಯರು ತಂದ ಕೋರಿಕೆ ಹೀಗಿತ್ತು: ತಮ್ಮ ಮೂಲಪುರುಷನು ಟಿಪ್ಪು ಸುಲ್ತಾನನ ಸೈನ್ಯದಲ್ಲಿದ್ದ ಕುಲೀನ ಫ್ರೆಂಚ್ ಕಪ್ತಾನನೆಂದೂ, ತಮ್ಮ ಮನೆತನಕ್ಕೆ ಕ್ರೈಸ್ತ ವಿಶ್ವಾಸವು ಅವನಿಂದಲೇ ಬಂದಿತೆಂದೂ ಸಂಚಿಕೆಯಲ್ಲಿ ಅಚ್ಚಾಗಬೇಕು. ಸಾಕ್ಷ್ಯವಾಗಿ ಎರಡು ವಸ್ತುಗಳನ್ನು ತಂದಿದ್ದರು. ಒಂದು, ಗಾಜು ಹಾಕಿ ಕಟ್ಟಿಸಿದ ವಂಶವೃಕ್ಷ. ಅದರ ತಲೆಯ ಮೇಲೆ ಸಿಂಹದ ಲಾಂಛನ. ಅದನ್ನು ಅವರ ಮೊಮ್ಮಗನು ಪಟ್ಟಣದ ಒಬ್ಬ ದಲ್ಲಾಳಿಗೆ ಗಣನೀಯ ಹಣ ತೆತ್ತು ಬರೆಸಿದ್ದನು. ಇನ್ನೊಂದು, ಹಿರಿಯರ ತಂದೆಯವರು ನಮ್ಮ ಮಾತೃ ಧರ್ಮಕೇಂದ್ರದ ವಿವಾಹ ಪುಸ್ತಕದಿಂದ ತಮ್ಮ ಕೈಯಿಂದಲೇ ನಕಲು ಮಾಡಿಟ್ಟಿದ್ದ ನಾಲ್ಕು ಸಾಲಿನ ಲ್ಯಾಟಿನ್ ಕಾಗದ. ಅವರಿಗೆ ಲ್ಯಾಟಿನ್ ಬಾರದು. ಚಿತ್ರ ಬರೆದಂತೆ ಅಕ್ಷರಗಳನ್ನು ಬರೆದಿದ್ದರು. ಆದರೂ ಒಂದಕ್ಷರವೂ ತಪ್ಪಿರಲಿಲ್ಲವೆಂದು ಮೂಲ ಪುಸ್ತಕವನ್ನು ನೋಡಿದ ಮೇಲೆ ಹೇಳಬಲ್ಲೆ.

ಈ ಕೋರಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. “ನಮ್ಮದು ಫರಾಸೀಸು ರಕ್ತ” ಎಂಬ ಮಾತಿನ ಬಲದಿಂದಲೇ ಆ ಮನೆಯವರು ಇದೇ ದೇವಾಲಯದಲ್ಲಿ ಪಕ್ಕದ ಬೆಂಚಿನಲ್ಲಿ ಕುಳಿತುಕೊಳ್ಳುವ ಮತ್ತೊಂದು ಮನೆಯ ಸಂಬಂಧವನ್ನು ಒಲ್ಲೆನೆಂದ ಪ್ರಸಂಗವು ನನಗೆ ತಿಳಿದಿತ್ತು. ಅಚ್ಚಾದ ಅಕ್ಷರಕ್ಕೆ ಶತಮಾನೋತ್ಸವದ ಮುದ್ರೆಯೂ ಬಿದ್ದಿತೆಂದರೆ ಮುಂದಿನ ನೂರು ವರ್ಷ ಅದೇ ಇತಿಹಾಸವಾಗುತ್ತದೆ. ಆದುದರಿಂದ, “ಪರಿಶೀಲಿಸಿ ಬರೆಯುತ್ತೇನೆ” ಎಂದಷ್ಟೇ ಹೇಳಿ ಕಳುಹಿಸಿದೆನು.

ಮೈಸೂರು ಸೀಮೆಯಲ್ಲಿ ಫ್ರೆಂಚ್ ಸಿಪಾಯಿಗಳಿದ್ದರೆಂಬುದು ಕಟ್ಟುಕಥೆಯಲ್ಲ. 1760ರಲ್ಲಿ ಪಾಂಡಿಚೇರಿಯ ಗವರ್ನರ್ ಜನರಲ್ ಕೌಂಟ್ ಲಾಲಿಯು ಬ್ರಿಟಿಷರ ಮುತ್ತಿಗೆಗೆ ಸಿಲುಕಿದಾಗ ಹೈದರ್ ಅಲಿಯು ಅವನಿಗೆ ನೆರವಿನ ಸೈನ್ಯ ಕಳುಹಿಸಿದ್ದನು. 1761ರ ಜನವರಿಯಲ್ಲಿ ಪಾಂಡಿಚೇರಿ ಬಿದ್ದಿತು. ನಾಡು ಕಳೆದುಕೊಂಡ ಫ್ರೆಂಚ್ ಸವಾರರೂ ಕುಶಲಕರ್ಮಿಗಳೂ ಅನ್ನವನ್ನರಸಿ ಹೈದರನ ಬಳಿಗೆ ಬಂದರು. ಅಲ್ಲಿಂದ 1799ರವರೆಗೆ, ಸುಮಾರು ನಾಲ್ಕು ದಶಕಗಳ ಕಾಲ, ಶ್ರೀರಂಗಪಟ್ಟಣದ ಸೈನ್ಯದಲ್ಲಿ ಪರಂಗಿಯವರ ತುಕಡಿಯೊಂದು ಸದಾ ಇದ್ದಿತು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಸೆರೆಹಿಡಿದಾಗ ಅವರೊಡನೆ ಯುದ್ಧ ಮಾಡಿದ ಪರಂಗಿ ದಳದ ನಾಯಕನ ಹೆಸರೂ ಲಾಲಿ. ಇವನು ಪಾಂಡಿಚೇರಿಯ ಲಾಲಿಯಲ್ಲ. ಆ ಕೌಂಟನಿಗೆ 1766ರಲ್ಲಿಯೇ ಪ್ಯಾರಿಸಿನಲ್ಲಿ ಶಿರಚ್ಛೇದನವಾಗಿತ್ತು. ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದು ಬಗೆದು ಬರೆದಿರುವ ಬರಹಗಳನ್ನು ನಾನೇ ಕಂಡಿದ್ದೇನೆ. ವಂಶಾವಳಿ ಹುಡುಕುವವರಿಗೆ ಇದು ಮೊದಲನೆಯ ಎಚ್ಚರಿಕೆ. ಎರಡನೆಯ ಲಾಲಿಯನ್ನು ದೂರದರ್ಶಕ ಹಿಡಿದ ಭಂಗಿಯಲ್ಲಿ ದರಿಯಾ ದೌಲತ್ತಿನ ಗೋಡೆಯ ಮೇಲೆ ಇಂದಿಗೂ ನೋಡಬಹುದು.

1782ರಲ್ಲಿ ಫ್ರಾನ್ಸಿನ ರಾಜನ ಸೈನ್ಯವೇ ದ್ಯುಶೆಮಾನನ ನಾಯಕತ್ವದಲ್ಲಿ ಕೋರಮಂಡಲ ಕರಾವಳಿಯಲ್ಲಿ ಇಳಿದು ಹೈದರನೊಡನೆ ಕೂಡಿಕೊಂಡಿತು. 1783ರಲ್ಲಿ ಬುಸ್ಸಿಯು ಬಂದನು. ಅದೇ ವರ್ಷ ಟಿಪ್ಪುವು ಮಂಗಳೂರನ್ನು ಮುತ್ತಿದ್ದಾಗ ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಬಂದು, ಅವನೊಡನಿದ್ದ ಕೊಸಿನ್ಯಿಯ ಫ್ರೆಂಚ್ ದಳವು ಯುದ್ಧದಿಂದ ಹಿಂದೆ ಸರಿಯಿತು. ಕೊನೆಯದಾಗಿ 1798ರ ಏಪ್ರಿಲಿನಲ್ಲಿ, ಮಾರಿಷಸ್ ದ್ವೀಪದ ಗವರ್ನರ್ ಮಾಲಾರ್ತಿಕನ ಬಹಿರಂಗ ಘೋಷಣೆಯನ್ನು ಕೇಳಿ ಸೇರಿದ ಸ್ವಯಂಸೇವಕರು ಮಂಗಳೂರಿನಲ್ಲಿ ಬಂದಿಳಿದರು. ಟಿಪ್ಪುವು ನಿರೀಕ್ಷಿಸಿದ್ದು ಸಹಸ್ರಾರು ಮಂದಿಯನ್ನು. ಬಂದವರು ನೂರರ ಆಸುಪಾಸು. ಆ ಘೋಷಣೆಯು ಬ್ರಿಟಿಷರಿಗೆ ಯುದ್ಧಕ್ಕೊಂದು ನೆಪವನ್ನು ಒದಗಿಸಿದ್ದೇ ಲಾಭ. 1799ರ ಮೇ 4ರಂದು ಕೋಟೆ ಬಿದ್ದಾಗ ಅಲ್ಲಿದ್ದ ಫ್ರೆಂಚರು ಬ್ರಿಟಿಷರ ಕೈಗೆ ಸೆರೆಯಾದರು.

ಈ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಗೆ ಬ್ರಿಟಿಷರು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಇಂದಿನ ಪಾಂಡವಪುರವೇ ಅದು. ಹಿರಿಯರು ಈ ಹೆಸರನ್ನೂ ಸಾಕ್ಷಿಗೆ ಕರೆದಿದ್ದರು: “ನಮ್ಮಜ್ಜನ ಕಾಲದವರು ಫ್ರೆಂಚ್ ರಾಕ್ಸಿನ ಕಡೆಯವರು ಸ್ವಾಮಿ.” ಆದರೆ 19ನೇ ಶತಮಾನದಲ್ಲಿ ಅದೇ ಸ್ಥಳವು ಬ್ರಿಟಿಷರ ದಂಡಿನ ನೆಲೆಯಾಗಿತ್ತು. ಆ ಊರಿನವರೆಂದ ಮಾತ್ರಕ್ಕೆ ಫ್ರೆಂಚರಾಗುವುದಿಲ್ಲ.

ಹೆಸರಿನ ವಿಷಯದಲ್ಲಿಯೂ ಇಂತಹದೇ ಮೋಸ. ಆ ಮನೆಯವರ ಉಪನಾಮವು ಒಂದು ಫ್ರೆಂಚ್ ಹೂವಿನ ಹೆಸರು. ಅದನ್ನು ಅವರು ವಂಶನಾಮವೆಂದು ನಂಬಿದ್ದರು. ಆ ಕಾಲದ ಫ್ರೆಂಚ್ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಯು ಸೇರಿದ ಕೂಡಲೇ ಅವನಿಗೊಂದು ‘ದಂಡಿನ ಹೆಸರು’ ದೊರೆಯುತ್ತಿತ್ತು: ಲಾಫ್ಲರ್ ಎಂದರೆ ಹೂವು, ಲಾ ವಿಯೊಲೆತ್ ಎಂದರೆ ನೀಲಿಹೂವು, ಸಾಂ-ಸುಸಿ ಎಂದರೆ ನಿಶ್ಚಿಂತ, ಲಾ ಜುನೆಸ್ ಎಂದರೆ ಯೌವನ. ಒಂದೊಂದು ದಳದಲ್ಲಿಯೂ ಒಬ್ಬ ಹೂವು, ಒಬ್ಬ ನಿಶ್ಚಿಂತ ಇದ್ದೇ ಇರುತ್ತಿದ್ದರು. ನಮ್ಮ ಊರಿನಲ್ಲಿ ‘ದೊಡ್ಡಣ್ಣ’ ಎಂಬ ಹೆಸರನ್ನಷ್ಟೇ ಹಿಡಿದುಕೊಂಡು ಒಬ್ಬನ ಮನೆತನ ಹುಡುಕಿದಂತೆ! ಅದಕ್ಕಿಂತ ಮುಖ್ಯವಾಗಿ, ಕಪ್ತಾನನಿಗೆ ಈ ಬಗೆಯ ಹೆಸರು ಇರುವುದಿಲ್ಲ. ಹೂವಿನ ಹೆಸರನ್ನು ಕೇಳಿದ ಕ್ಷಣದಲ್ಲಿಯೇ ಮೂಲಪುರುಷನು ಸಾಮಾನ್ಯ ಸಿಪಾಯಿ ಎಂಬುದು ಬಹುಮಟ್ಟಿಗೆ ಸ್ಪಷ್ಟವಾಯಿತು.

ಇಲ್ಲಿಯೇ ಇನ್ನೊಂದು ಮಾತು. ಪಾಂಡಿಚೇರಿಯ ಕಡೆಯಿಂದ ಬಂದು ನಮ್ಮಲ್ಲಿ ನೆಲೆಸಿರುವ ಕೆಲವು ಮನೆಗಳವರೂ ಫ್ರೆಂಚ್ ಉಪನಾಮದ ಕಾರಣದಿಂದ ಇದೇ ಭಾವನೆಯಲ್ಲಿದ್ದಾರೆ. 1881ರ ಸೆಪ್ಟೆಂಬರ್ 21ರ ಫ್ರೆಂಚ್ ಆಜ್ಞೆಯೊಂದರಂತೆ ಅಲ್ಲಿನ ಭಾರತೀಯರು ತಮ್ಮ ಜಾತಿಮತಗಳ ವೈಯಕ್ತಿಕ ಕಾನೂನನ್ನು ತ್ಯಜಿಸಿ ಫ್ರೆಂಚ್ ಕಾನೂನಿಗೆ ಒಳಪಡಬಹುದಾಗಿತ್ತು. ಹಾಗೆ ತ್ಯಜಿಸಿದವರು ತಮಗೊಂದು ಕುಲನಾಮವನ್ನು ಆರಿಸಿಕೊಳ್ಳಬೇಕಾಗಿತ್ತು. ತಮಿಳು ಮನೆತನಗಳು ಫ್ರೆಂಚ್ ಹೆಸರು ಹೊತ್ತದ್ದು ಅನೇಕ ವೇಳೆ ಹೀಗೆ, ರಕ್ತದಿಂದಲ್ಲ, ರುಜುವಿನಿಂದ. ಅದರಲ್ಲಿ ಅವಮಾನವೇನೂ ಇಲ್ಲ. ಜಾತಿಯ ಕಟ್ಟಳೆಯನ್ನು ಕಾಗದದ ಮೇಲಾದರೂ ಕಳಚಿಟ್ಟವರ ಧೈರ್ಯವು ಕಪ್ತಾನನ ಖಡ್ಗಕ್ಕಿಂತ ಕಡಿಮೆಯದೆಂದು ನಾನಂತೂ ಭಾವಿಸುವುದಿಲ್ಲ.

ನಿಜವಾದ ಫ್ರೆಂಚ್ ಸಿಪಾಯಿಯೊಬ್ಬನ ಊರನ್ನು ಹುಡುಕಿ ತೆಗೆಯುವುದು ಅಸಾಧ್ಯವೇನಲ್ಲ. ಫ್ರೆಂಚರು ಕಾಗದದ ವಿಷಯದಲ್ಲಿ ಬಹು ಕಟ್ಟುನಿಟ್ಟಿನ ಜನ. 1716ರಿಂದ ಅವರ ಪ್ರತಿಯೊಂದು ದಳವೂ ಸಿಪಾಯಿಗಳ ಪಟ್ಟಿಯನ್ನಿಡಬೇಕಾಗಿತ್ತು. ಅದರಲ್ಲಿ ನಿಜ ಹೆಸರು, ದಂಡಿನ ಹೆಸರು, ಹುಟ್ಟೂರು, ವಯಸ್ಸು, ಎತ್ತರ, ಮುಖಚಹರೆ, ಕೊನೆಗೆ ಅವನು ಸತ್ತನೋ, ಬಿಡುಗಡೆ ಹೊಂದಿದನೋ, ಓಡಿಹೋದನೋ ಎಂಬುದು ಕೂಡ. ಈ ಪಟ್ಟಿಗಳು ಪ್ಯಾರಿಸಿನ ಬಳಿಯ ವಾಂಸೆನ್ ಕೋಟೆಯ ಸೇನಾ ಪತ್ರಾಗಾರದಲ್ಲಿವೆ. ಈಸ್ಟ್ ಇಂಡಿಯಾ ಕಂಪನಿಯಂತೆಯೇ ಫ್ರೆಂಚರಿಗೂ ಒಂದು ಕಂಪನಿಯಿತ್ತು. ಅದರ ಹಡಗುಗಳಲ್ಲಿ ಬಂದ ನಾವಿಕರ ಮತ್ತು ಪ್ರಯಾಣಿಕರ ಪಟ್ಟಿಗಳು ಲೋರಿಯಾಂ ಬಂದರಿನಲ್ಲಿವೆ. 1776ರ ರಾಜಶಾಸನದಿಂದ ವಸಾಹತುಗಳ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳ ಪ್ರತಿಗಳು ಫ್ರಾನ್ಸಿಗೆ ಹೋಗಿ ಸೇರುವ ವ್ಯವಸ್ಥೆಯಾಯಿತು. ಪಾಂಡಿಚೇರಿಯ ಪ್ರತಿಗಳು ಈಗ ಎಕ್ಸ್-ಆನ್-ಪ್ರೊವಾನ್ಸ್ ನಗರದ ಪತ್ರಾಗಾರದಲ್ಲಿದ್ದು, ಮನೆಯಲ್ಲಿ ಕುಳಿತೇ ಗಣಕಯಂತ್ರದ ತೆರೆಯ ಮೇಲೆ ಓದಬಹುದಾಗಿದೆ. ಫ್ರೆಂಚ್ ವಿವಾಹ ದಾಖಲೆಯು ವರನು ಯಾವ ಧರ್ಮಪ್ರಾಂತ್ಯದ ಯಾವ ಧರ್ಮಕೇಂದ್ರದಲ್ಲಿ ಹುಟ್ಟಿದವನೆಂದು ಸಾಮಾನ್ಯವಾಗಿ ಹೇಳುತ್ತದೆ. ಆ ಒಂದು ಮಾತು ಸಿಕ್ಕಿದರೆ ಸಾಕು, ಹಳ್ಳಿಯ ಬಾಗಿಲು ತೆರೆದಂತೆ. ತೊಡಕು ಇರುವುದು ಪಾಂಡಿಚೇರಿಯನ್ನು ಬಿಟ್ಟು ಮೈಸೂರಿನ ಚಾಕರಿಗೆ ಬಂದವರ ವಿಷಯದಲ್ಲಿ. ಫ್ರೆಂಚ್ ಪಟ್ಟಿಯಲ್ಲಿ ‘ಓಡಿಹೋದವನು’ ಎಂದಾದ ಮೇಲೆ ಆ ಸಾಲು ಮುಂದುವರಿಯುವುದಿಲ್ಲ.

ಮೊಮ್ಮಗನು ಈ ಯಾವ ಬಾಗಿಲನ್ನೂ ತಟ್ಟಿರಲಿಲ್ಲ. ದಲ್ಲಾಳಿಯ ಬಾಗಿಲನ್ನು ಮಾತ್ರ ತಟ್ಟಿದ್ದನು. ಹುಡುಗನು ಚುರುಕಿನವನು, ದೋಷವೆಲ್ಲ ಆತುರದ್ದು. ಅವನನ್ನೇ ಜೊತೆಗೆ ಕರೆದುಕೊಂಡು ಮಾತೃ ಧರ್ಮಕೇಂದ್ರಕ್ಕೆ ಹೋದೆನು. ಅಲ್ಲಿನ ಗುರುಗಳು ಕೃಪೆಯಿಟ್ಟು ಹಳೆಯ ವಿವಾಹ ಪುಸ್ತಕವನ್ನು ಹೊರತೆಗೆದರು. ಗೆದ್ದಲು ಒಂದು ಮೂಲೆಯನ್ನು ತಿಂದಿತ್ತು. ನಮ್ಮ ಪುಟ ಉಳಿದಿತ್ತು. ನಾವು ಸೆಮಿನರಿಯಲ್ಲಿ ಕಲಿತ ಲ್ಯಾಟಿನ್ ಅಲ್ಪವೇ ಸರಿ. ಆದರೆ ಸಂಸ್ಕಾರಗಳ ದಾಖಲೆಯ ಲ್ಯಾಟಿನ್ ನೂರು ಶಬ್ದಗಳನ್ನು ಮೀರುವುದಿಲ್ಲ.

ಅದು 1826ರ ವಿವಾಹ. ವರನಿಗೆ ಇಪ್ಪತ್ತನಾಲ್ಕು ವರ್ಷ. ಎಂದರೆ ಹುಟ್ಟಿದ್ದು 1802ರ ಸುಮಾರಿಗೆ. ಅವನನ್ನು ‘ಫಿಲಿಯುಸ್ ಲೆಜಿತಿಮುಸ್’, ಧರ್ಮಸಮ್ಮತ ವಿವಾಹದ ಮಗ, ಎಂದು ಬರೆದಿದೆ. ದಂಡಿನವರ ಮಕ್ಕಳಿಗೆ ಆ ಕಾಲದಲ್ಲಿ ಈ ಮಾತು ಸುಲಭವಾಗಿ ದೊರೆಯುತ್ತಿರಲಿಲ್ಲ. ತಂದೆಯ ಹೆಸರಿನ ಮುಂದೆ ‘ದಿಕ್ತಿ’ ಎಂದಿದೆ. ‘ಎಂದು ಕರೆಯಲ್ಪಡುವ’ ಎಂಬರ್ಥದ ಆ ಪದದ ನಂತರ ಹೂವಿನ ಹೆಸರು. ಬರೆದ ಗುರುವಿಗೇ ಅದು ಅಡ್ಡಹೆಸರೆಂಬುದು ಗೊತ್ತಿತ್ತು. ಬಳಿಕ ‘ಮಿಲಿತಿಸ್ ಹೆಲ್ವೆತಿಯಿ, ಯಾಮ್ ದೆಫುಂಕ್ತಿ’.

ಈ ‘ಹೆಲ್ವೆತಿಯಿ’ ಎಂಬ ಪದದ ಮೇಲೆಯೇ ದಲ್ಲಾಳಿಯು ತನ್ನ ವಂಶವೃಕ್ಷವನ್ನು ನೆಟ್ಟಿದ್ದನು. ಅದನ್ನು ಕುಲನಾಮವೆಂದು ಓದಿ, ಪ್ಯಾರಿಸಿನ ಪ್ರಸಿದ್ಧ ತತ್ತ್ವಜ್ಞಾನಿ ಎಲ್ವೇಸಿಯುಸನಿಗೆ ಈ ಮನೆತನವನ್ನು ಗಂಟುಹಾಕಿದ್ದನು. ಆ ಮಹಾಶಯನು 1758ರಲ್ಲಿ ಬರೆದ ಗ್ರಂಥವನ್ನು ಮರುವರ್ಷ ಪೋಪ್ 13ನೇ ಕ್ಲೆಮೆಂಟರು ಖಂಡಿಸಿದರು. ಪ್ಯಾರಿಸಿನ ನ್ಯಾಯಸಭೆಯ ಆಜ್ಞೆಯಂತೆ ಅದನ್ನು ಬಹಿರಂಗವಾಗಿ ಸುಟ್ಟರು. ಅಂತಹವನ ಹೆಸರು ನಮ್ಮ ಭಕ್ತ ಕುಟುಂಬದ ನಡುಮನೆಯಲ್ಲಿ, ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲಿಯೇ, ಎರಡು ವರ್ಷ ತೂಗುತ್ತಿತ್ತು! ನಿಜದಲ್ಲಿ ಆ ಪದಕ್ಕಿರುವುದು ಸರಳ ಅರ್ಥ: ಸ್ವಿಸ್ ದೇಶದವನು. ‘ಸ್ವಿಸ್ ಸಿಪಾಯಿ, ಈಗ ದಿವಂಗತ’, ಅಷ್ಟೆ.

ಶ್ರೀರಂಗಪಟ್ಟಣದಲ್ಲಿ 1802ರ ಹೊತ್ತಿಗೆ ಸ್ವಿಸ್ ಸಿಪಾಯಿ ಎಂದರೆ ನೆನಪಿಗೆ ಬರುವುದು ದ ಮ್ಯೂರೋನ್ ರೆಜಿಮೆಂಟು. ನ್ಯೂಶಾಟೆಲ್ ಸೀಮೆಯ ಚಾರ್ಲ್ಸ್ ಡೇನಿಯಲ್ ದ ಮ್ಯೂರೋನ್ ಎಂಬವನು 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ದಳವಿದು. ಸಿಂಹಳದಲ್ಲಿ ಡಚ್ಚರ ಕಾವಲಿಗಿದ್ದ ಈ ದಳವು 1795ರಲ್ಲಿ ಒಪ್ಪಂದದ ಮೂಲಕ ಬ್ರಿಟಿಷರ ಸೇವೆಗೆ ಬಂದಿತು. ಅದರಲ್ಲಿ ಸ್ವಿಸ್ಸರಲ್ಲದೆ ಜರ್ಮನರೂ ಫ್ರೆಂಚರೂ ಇದ್ದರು. ದಂಡಿನ ಹೆಸರಿನ ಫ್ರೆಂಚ್ ವಾಡಿಕೆಯೂ ಅದರೊಡನೆ ಬಂದಿರುವುದು ಸಹಜ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಈ ದಳವು ಪಾಲ್ಗೊಂಡಿತು, ಟಿಪ್ಪುವಿನ ಕಡೆಯಲ್ಲಲ್ಲ, ಎದುರು ಪಾಳೆಯದಲ್ಲಿ. ಆ ಮೇಲೆ ಅಲ್ಲಿಯೇ ಕಾವಲಿಗಿದ್ದು 1806ರಲ್ಲಿ ಭಾರತವನ್ನು ಬಿಟ್ಟಿತು. ಕಾವೇರಿಯ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಆ ದಳದ ಅಧಿಕಾರಿಗಳ ಮತ್ತು ಅವರ ಮಡದಿ ಮಕ್ಕಳ ಗೋರಿಗಳಿವೆ. ದ ಮ್ಯೂರೋನ್ ವಂಶದವರ ನೆರವಿನಿಂದ ಅದರ ಜೀರ್ಣೋದ್ಧಾರವೂ ಆಗಿದೆ. ಸಾಮಾನ್ಯ ಸಿಪಾಯಿಗೆ ಕಲ್ಲಿನ ಗೋರಿ ಎಲ್ಲಿಯದು? ಪಟ್ಟಣದ ಜ್ವರ ಕುಪ್ರಸಿದ್ಧವಾದುದು. ಅದರ ಕಾಟ ತಾಳಲಾರದೆಯೇ 1809ರಲ್ಲಿ ಬ್ರಿಟಿಷರು ದಂಡನ್ನು ಬೆಂಗಳೂರಿಗೆ ವರ್ಗಾಯಿಸಿದರು. ನಮ್ಮ ಹೂವಿನ ಹೆಸರಿನವನೂ ಆ ಜ್ವರದಲ್ಲಿಯೇ ಮಣ್ಣಾಗಿರಬಹುದು.

ಈ ಸಂಗತಿಯನ್ನು ಹಿರಿಯರಿಗೆ ತಿಳಿಸುವುದು ನನಗೆ ಸುಲಭವಾಗಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವನು ಕೋಟೆ ಕಾದವನಲ್ಲ ಸ್ವಾಮಿ, ಕೋಟೆಗೆ ನುಗ್ಗಿದವರ ಪೈಕಿ” ಎಂದರು. ಬಾಲ್ಯದಿಂದ ಟಿಪ್ಪುವಿನ ಪಕ್ಕದಲ್ಲಿ ನಿಂತಿದ್ದ ಅಜ್ಜನು ಒಂದು ಮಧ್ಯಾಹ್ನದಲ್ಲಿ ಎದುರು ಸಾಲಿಗೆ ಹೋಗಿಬಿಟ್ಟಿದ್ದನು. ನಾನು ಸಮಾಧಾನದ ಮಾತನ್ನು ಹೇಳಲಿಲ್ಲ. ಕಾಗದವನ್ನು ಅವರ ಮುಂದಿಟ್ಟು ಕೊನೆಯ ಸಾಲಿನ ಮೇಲೆ ಬೆರಳಿಟ್ಟೆನು. ಅದನ್ನು ದಲ್ಲಾಳಿಯು ಓದಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಮೊದಲ ಸಲ ಅವಸರದಲ್ಲಿ ದಾಟಿಬಿಟ್ಟಿದ್ದೆನು. ವರನ ತಾಯಿಯ ಸಾಲು ಅದು: ‘ಮಾರಿಯೆ, ಎಕ್ಸ್ ಹೋಕ್ ಪಾಗೋ’. ಇದೇ ಹಳ್ಳಿಯ ಮರಿಯಾ.

ಅದೇ ಪುಟದಲ್ಲಿ ಇನ್ನೆರಡು ವಿವಾಹಗಳಲ್ಲಿ ತಾಯಂದಿರ ಹೆಸರಿನ ಮುಂದೆ ‘ನೆಯೋಫಿತಾ’ ಎಂದಿದೆ. ಹೊಸದಾಗಿ ಜ್ಞಾನಸ್ನಾನ ಪಡೆದವಳು ಎಂದರ್ಥ. ಮರಿಯಳ ಮುಂದೆ ಆ ಪದವಿಲ್ಲ. ಎಂದರೆ ಆಕೆ ಮೊದಲೇ ಕ್ರೈಸ್ತ ಮನೆಯಲ್ಲಿ ಹುಟ್ಟಿದವಳು. ಇದರಲ್ಲಿ ಆಶ್ಚರ್ಯವಿಲ್ಲ. ಫ್ರೆಂಚ್ ಸಿಪಾಯಿಗಳು ಬರುವುದಕ್ಕಿಂತ ನೂರು ವರ್ಷ ಹಿಂದೆಯೇ, 1649ರಲ್ಲಿ, ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಮೈಸೂರು ಮಿಷನ್ನನ್ನು ಆರಂಭಿಸಿದ್ದರು. ಪಾಲಹಳ್ಳಿಯೇ ಮುಂತಾದ ಸುತ್ತಲ ಹಳ್ಳಿಗಳಲ್ಲಿ ಅಂದಿನಿಂದಲೂ ಕನ್ನಡ ಕ್ರೈಸ್ತರಿದ್ದರು. 1773ರಲ್ಲಿ ಪೋಪರ ಆಜ್ಞೆಯಿಂದ ಯೇಸುಸಭೆ ರದ್ದಾಗಿ ಗುರುಗಳಿಲ್ಲದಂತಾಯಿತು. ಅದಾದ ಮೇಲೆ ಟಿಪ್ಪುವಿನ ಕಾಲದ ಕಷ್ಟಗಳೂ ಬಂದವು. 1799ರ ಬಳಿಕ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬ್ವಾರವರು ಬಂದು ಚದುರಿದ ಮಂದೆಯನ್ನು ಕೂಡಿಸಿದರು. ಗಂಜಾಮಿನ ದೇವಾಲಯವು ಅವರ ನೆನಪನ್ನು ಉಳಿಸಿಕೊಂಡಿದೆ. ಕಾವಿ ತೊಟ್ಟು, ನಮ್ಮವರಂತೆ ಉಂಡು, ಸಿಡುಬಿಗೆ ಲಸಿಕೆ ಹಾಕಿಸಿದ ಅವರನ್ನು ಜನರು ದೊಡ್ಡಸ್ವಾಮಿಯವರೆಂದೇ ಕರೆದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಮರಿಯಳ ಮದುವೆ ಅವರ ಕಾಲದಲ್ಲಿಯೇ ಆಗಿರಬೇಕು.

ಗಂಡ ಸತ್ತ ಮೇಲೆ ದಂಡು ಹೊರಟುಹೋಯಿತು. ಆಕೆ ಹೋಗಲಿಲ್ಲ. ತಂದೆಯ ಭಾಷೆಯನ್ನು ಪ್ರಾಯಶಃ ಕಿವಿಯಿಂದಲೂ ಕೇಳದ ಮಗನನ್ನು ತವರಿನಲ್ಲಿಟ್ಟು ಬೆಳೆಸಿ, ಪ್ರಾರ್ಥನೆ ಕಲಿಸಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅದೇ ದೇವಾಲಯದ ಪೀಠದ ಮುಂದೆ ನಿಲ್ಲಿಸಿದಳು. ಆ ಮನೆತನಕ್ಕೆ ಸಿಪಾಯಿಯಿಂದ ಬಂದದ್ದು ಒಂದು ಅಡ್ಡಹೆಸರು. ವಿಶ್ವಾಸ, ಮಾತು, ಮಣ್ಣು ಎಲ್ಲವೂ ಬಂದದ್ದು ತಾಯಿಯ ಕಡೆಯಿಂದ. ದಲ್ಲಾಳಿಯ ವಂಶವೃಕ್ಷದ ಒಂಬತ್ತು ತಲೆಮಾರುಗಳಲ್ಲಿ ಆಕೆಯ ಹೆಸರಿಗೆ ಒಂದು ಎಲೆಯೂ ಇರಲಿಲ್ಲ.

“ಇದೇ ಹಳ್ಳಿಯವಳೇ?” ಎಂದು ಹಿರಿಯರು ಎರಡು ಸಲ ಕೇಳಿದರು. ಆ ಹಳ್ಳಿಯಲ್ಲಿ ಯಾವ ಯಾವ ಮನೆಗಳು ಹಳೆಯವೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ತಾವು ಸಂಬಂಧ ಒಲ್ಲೆನೆಂದ ಮನೆಯವರ ಮೂಲವೂ ಅದೇ ಹಳ್ಳಿಯೆಂಬುದನ್ನು ನಾನು ಎತ್ತಿ ಹೇಳಬೇಕಾಗಿರಲಿಲ್ಲ.

ಮೊಮ್ಮಗನು ಈಗ ಸ್ವಂತ ಶ್ರಮದಿಂದ ಹುಡುಕಾಟವನ್ನು ಮುಂದುವರಿಸಿದ್ದಾನೆ. ಬ್ರಿಟಿಷ್ ಸೇವೆಯಲ್ಲಿದ್ದ ರೆಜಿಮೆಂಟುಗಳ ಹಾಜರಿ ಮತ್ತು ವೇತನ ಪಟ್ಟಿಗಳು ಲಂಡನ್ನಿನ ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿರುವುದರಿಂದ, ಪ್ಯಾರಿಸನ್ನು ಬಿಟ್ಟು ಅಲ್ಲಿಗೆ ಬರೆದಿದ್ದಾನೆ. ಅಡ್ಡಹೆಸರಿನ ಹಿಂದಿರುವ ನಿಜ ಹೆಸರು ದೊರೆತರೆ ಸ್ವಿಟ್ಜರ್ಲೆಂಡಿನ ಯಾವುದೋ ಕಥೋಲಿಕ ಹಳ್ಳಿಯ ಜ್ಞಾನಸ್ನಾನ ಪುಸ್ತಕದವರೆಗೂ ಹೋಗಬಹುದು. ಇದಲ್ಲದೆ ಮಾತೃ ಧರ್ಮಕೇಂದ್ರದ ಗೆದ್ದಲು ಹಿಡಿದ ಪುಸ್ತಕದ ಪುಟಗಳನ್ನೆಲ್ಲ ಛಾಯಾಚಿತ್ರ ತೆಗೆದುಕೊಟ್ಟಿದ್ದಾನೆ. ಅದಕ್ಕಾಗಿ ಎರಡು ಧರ್ಮಕೇಂದ್ರಗಳವರೂ ಅವನಿಗೆ ಋಣಿಗಳು. ತಮ್ಮ ಮನೆತನದ ಮೂಲವನ್ನು ತಿಳಿಯಬಯಸುವ ಇತರರು ನನ್ನನ್ನು ಕಾಣಬಹುದು. ಬರುವಾಗ ಅಜ್ಜಿಯ ಬಾಯಿಂದ ಕೇಳಿದ ಊರು ಹೆಸರುಗಳನ್ನು ಬರೆದು ತಂದರೆ ಅನುಕೂಲ. ವಂಶವೃಕ್ಷದ ಪಟವನ್ನು ಹೊತ್ತು ತರಬೇಕಾಗಿಲ್ಲ.

ಈ ಸಂಚಿಕೆಯ ಹಳೆಯ ಕುಟುಂಬಗಳ ಪಟ್ಟಿಯಲ್ಲಿ ಆ ಮನೆತನದ ಮುಂದೆ ಮಾತೃ ಧರ್ಮಕೇಂದ್ರದ ಹಳ್ಳಿಯ ಹೆಸರನ್ನೇ ಮೂಲಸ್ಥಾನವೆಂದು ಬರೆದಿದ್ದೇನೆ. ಪ್ರತಿವರ್ಷ ನವೆಂಬರ್ 2ರ ಮೃತರ ಸ್ಮರಣೆಯ ಪೂಜೆಗೆ ಹಿರಿಯರು ಚೀಟಿಯಲ್ಲಿ ‘ನಮ್ಮ ಕಪ್ತಾನ ಅಜ್ಜನವರ ಆತ್ಮಕ್ಕಾಗಿ’ ಎಂದು ಬರೆದುಕೊಡುವ ರೂಢಿಯಿತ್ತು. ಕಳೆದ ನವೆಂಬರಿನಲ್ಲಿ ಕೊಟ್ಟ ಚೀಟಿಯಲ್ಲಿ ಎರಡು ಹೆಸರುಗಳಿದ್ದವು. ಮೊದಲನೆಯದು ಮರಿಯಮ್ಮ, ಅದರ ಕೆಳಗೆ, ‘ಸಿಪಾಯಿ’ ಎಂದು ಸೇರಿಸಿ, ಆ ಹೂವಿನ ಹೆಸರು.